ದುಂಡು ಪಿನ್ನು, ಚಪ್ಪಟೆ ತೂತು

ರಿಪೇರಿಗೆ ಬಂದವರು ಯಾರೂ ‘ಕೀಬೋರ್ಡ್ ಕೆಟ್ಟಿದೆ’ ಎಂದದ್ದನ್ನು ನಾನು ಕೇಳಿಲ್ಲ. ‘ಕಂಪ್ಯೂಟರ್ ಸತ್ತೋಗದೆ’ ಎನ್ನುತ್ತಾರೆ, ಇಲ್ಲವೇ ‘ವೈರಸ್ ಬಂದ್ಬುಟ್ಟೈತೆ’ ಎನ್ನುತ್ತಾರೆ. ಹೋಗಿ ನೋಡಿದರೆ ಸ್ಪೇಸ್ ಬಾರಿನ ಕೆಳಗೆ ಒಂದು ಕಡಲೆಪುರಿ ಸಿಕ್ಕಿಕೊಂಡಿರುತ್ತದೆ.

ರಾಮನಗರದ ಬಸ್ ನಿಲ್ದಾಣದ ಹತ್ತಿರದ ಒಂದು ಸರ್ವಿಸ್ ಅಂಗಡಿಯಲ್ಲಿ ಸುಮಾರು ಮೂವತ್ತು ವರ್ಷ ಕೆಲಸ ಮಾಡಿ ಈಚೆಗೆ ಬಿಟ್ಟೆ. ಆ ಕಡೆ ಮಾಗಡಿ, ಈ ಕಡೆ ಚನ್ನಪಟ್ಟಣ, ಕೆಳಗೆ ಕನಕಪುರ. ಎಲ್ಲಿಂದ ಫೋನ್ ಬಂದರೂ ಚೀಲ ಹೆಗಲಿಗೆ ಹಾಕಿ ಬಸ್ ಹತ್ತುವುದೇ ನನ್ನ ಉದ್ಯೋಗ. ಈಗ ಈ ಕೆಲಸಕ್ಕೆ ಬರುತ್ತಿರುವವರು ಹಳೇ ಕೀಬೋರ್ಡ್ ಕಂಡ ತಕ್ಷಣ ‘ಬಿಸಾಕಿ, ಹೊಸದು ತನ್ನಿ’ ಎನ್ನುತ್ತಾರೆ. ಬಹಳ ಸಲ ಅದೇ ಸರಿಯಾದ ಮಾತು. ಕೆಲವು ಸಲ ಅಲ್ಲ. ಆ ಕೆಲವು ಸಲಗಳ ಬಗ್ಗೆ, ನಾನು ಮಾಡಿದ ಎಡವಟ್ಟುಗಳ ಸಮೇತ, ಹೇಳಬೇಕೆಂದು ಕೂತಿದ್ದೇನೆ.

ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡವರು ಅಂಗಡಿಯ ಯಜಮಾನರಾದ ನಂಜುಂಡಯ್ಯನವರು. ಮೂಲತಃ ಟೈಪ್‌ರೈಟರ್ ಮೆಕ್ಯಾನಿಕ್. ಸ್ಕ್ರೂಡ್ರೈವರುಗಳನ್ನು ಮೂರು ಡಬ್ಬಿಯ ಊಟದ ಕ್ಯಾರಿಯರಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಒಂದು ಸಲ ಬಸ್ಸಿನಲ್ಲಿ ಪಕ್ಕದವರು ‘ಏನ್ ಸ್ವಾಮಿ, ಊಟ ಹಿಂಗೆ ಗಲಗಲ ಅಂತದಲ್ಲ’ ಎಂದು ಕೇಳಿದ್ದರಂತೆ. ಕಂಪ್ಯೂಟರ್ ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಕೀಬೋರ್ಡ್ ಮಾತ್ರ ಹಿಡಿಸಿತು, ಯಾಕೆಂದರೆ ಅದರಲ್ಲಿ ಬಿಚ್ಚುವುದಕ್ಕೆ ಏನಾದರೂ ಇತ್ತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬಂದ ನನ್ನನ್ನು ಅವರು ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ: “ಬಿಚ್ಚಿದ್ದನ್ನ ವಾಪಸ್ ಜೋಡಿಸೋ ಅಭ್ಯಾಸ ಐತೇನಮ್ಮ?”

ನನ್ನ ಮೊದಲ ದೊಡ್ಡ ತಪ್ಪು ಆದದ್ದು ಮಾಗಡಿಯ ಒಂದು ಟೈಪಿಂಗ್ ಶಾಲೆಯಲ್ಲಿ. ಆಗ ಕೀಬೋರ್ಡಿನ ಪ್ಲಗ್ಗು ಕಿರುಬೆರಳಿನ ಗಾತ್ರದ ದುಂಡು ಪಿನ್ನಿನದು. ಅದನ್ನು ಕಂಪ್ಯೂಟರ್ ಓಡುತ್ತಿರುವಾಗ ಎಳೆಯಬಾರದು, ಚುಚ್ಚಬಾರದು. ಈ ಮಾತನ್ನು ಯಜಮಾನರು ನನಗೆ ದಿನಕ್ಕೊಂದು ಸಲ ಹೇಳುತ್ತಿದ್ದರು. ಹಿಂತಿರುಗುವ ಬಸ್ಸಿಗೆ ಹೊತ್ತಾಯಿತೆಂಬ ಅವಸರದಲ್ಲಿ ನಾನು ಎಳೆದೆ, ಇನ್ನೊಂದನ್ನು ಚುಚ್ಚಿದೆ. ಅಲ್ಲಿಗೆ ಮುಗಿಯಿತು. ಅದಾದ ಮೇಲೆ ಯಾವ ಕೀಬೋರ್ಡ್ ಹಾಕಿದರೂ ಆ ಯಂತ್ರ ಮಾತಾಡಲಿಲ್ಲ. ಶಾಲೆಯ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ನಾನು ಮುಖ ಗಂಟು ಹಾಕಿಕೊಂಡು, “ಸಾರ್, ಒಳಗಿನ ಬೋರ್ಡ್ ಮೊದಲಿಂದಲೂ ವೀಕ್ ಇತ್ತು ಅನ್ಸುತ್ತೆ” ಎಂದೆ. ಪಾಪ, ಅವರು ನಂಬಿದರು. ಕಾಫಿ ತರಿಸಿಕೊಟ್ಟರು.

ಅಂಗಡಿಗೆ ಬಂದು ಅದೇ ಮಾತನ್ನು ಹೇಳಿದಾಗ ನಂಜುಂಡಯ್ಯನವರು ಕನ್ನಡಕದ ಮೇಲಿನಿಂದ ನೋಡಿದರು.

“ಆಫ್ ಮಾಡಿದ್ಯಾ?”

ನಾನು ಚೀಲದ ಪಟ್ಟಿ ಸರಿಮಾಡತೊಡಗಿದೆ.

“ನಾಳೆ ಮೊದಲ್ನೇ ಬಸ್ ಹತ್ತು. ನನ್ನಿಂದ್ಲೇ ಕೆಟ್ಟಿದ್ದು ಅಂತ ಮೇಷ್ಟ್ರಿಗೆ ಹೇಳಿ, ಆಮೇಲೆ ಚೀಲ ಬಿಚ್ಚು. ಹೇಳೋಕ್ ಮುಂಚೆ ಬಿಚ್ಚಬೇಡ.”

ಮಾಗಡಿಯವರೆಗೂ ಕಿಟಕಿಯಾಚೆ ಏನಿತ್ತೆಂದು ನನಗೆ ನೆನಪಿಲ್ಲ. ಮೇಷ್ಟ್ರ ಮುಂದೆ ನಿಂತು ಹೇಳಿದೆ. ಅವರು ನಕ್ಕುಬಿಟ್ಟರು. “ಏನವ್ವಾ, ಇದನ್ ಹೇಳಕ್ಕೆ ಅಲ್ಲಿಂದ ಬಂದ್ಯಾ? ನಮ್ ಹುಡುಗ್ರು ದಿನಾ ತಪ್ ಟೈಪ್ ಮಾಡ್ತವೆ, ಒಂದಾದ್ರೂ ಒಪ್ಕೊಳಲ್ಲ!” ಒಳಗಿನ ಬೋರ್ಡಿನಲ್ಲಿ ಕೀಬೋರ್ಡಿನ ತೂತಿಗೆಂದೇ ಅಕ್ಕಿಕಾಳಿನಷ್ಟು ಒಂದು ಫ್ಯೂಸ್ ಇರುತ್ತದೆ. ಅದು ಹೋಗಿತ್ತು. ಬೆಸುಗೆ ಹಾಕಿ ಬದಲಿಸಿದೆ. ಆ ಮೇಷ್ಟ್ರು ತಮ್ಮ ಶಾಲೆ ಮುಚ್ಚುವವರೆಗೂ ಬೇರೆ ಯಾರನ್ನೂ ರಿಪೇರಿಗೆ ಕರೆಯಲಿಲ್ಲ.

ಎರಡನೆಯ ಎಡವಟ್ಟು ಇನ್ನೂ ನಗೆಪಾಟಲಿನದು. ಚನ್ನಪಟ್ಟಣದಿಂದ ಒಬ್ಬರು ತೀರಾ ಹಳೆಯ ಕೀಬೋರ್ಡ್ ತಂದರು. ಹೆಬ್ಬೆರಳಿನ ಗಾತ್ರದ ಐದು ಪಿನ್ನಿನ ಪ್ಲಗ್ಗು. ಆ ಪ್ಲಗ್ಗಿನ ಕೀಬೋರ್ಡುಗಳಲ್ಲಿ ಎರಡು ಜಾತಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಒಳಗೆ ಆಡುವ ಭಾಷೆ ಬೇರೆ. ಹಳೆಯ ಜಾತಿಯದನ್ನು ಆಮೇಲಿನ ಕಂಪ್ಯೂಟರಿಗೆ ಹಾಕಿದರೆ ದೀಪ ಮಿಣುಕುತ್ತದೆ, ಅಕ್ಷರ ಬರುವುದಿಲ್ಲ. ನನಗೆ ಇದು ಗೊತ್ತಿರಲಿಲ್ಲ. ವೈರ್ ತುಂಡಾಗಿದೆ ಎಂದು ತೀರ್ಮಾನಿಸಿ ಚೆನ್ನಾಗಿದ್ದ ಪ್ಲಗ್ಗನ್ನು ಕತ್ತರಿಸಿದೆ. ಹೊಸದು ಬೆಸೆದೆ. ಬರಲಿಲ್ಲ. ಮತ್ತೆ ಕತ್ತರಿಸಿದೆ, ಮತ್ತೆ ಬೆಸೆದೆ. ವಾರ ಕಳೆಯುವಷ್ಟರಲ್ಲಿ ವೈರ್ ಎಷ್ಟು ಗಿಡ್ಡವಾಯಿತೆಂದರೆ ಕೀಬೋರ್ಡನ್ನು ಕಂಪ್ಯೂಟರಿನ ಹಿಂದೆ ಇಟ್ಟುಕೊಂಡೇ ಟೈಪ್ ಮಾಡಬೇಕಿತ್ತು.

ನಂಜುಂಡಯ್ಯನವರು ಬಂದು ಅದನ್ನು ಮಗುಚಿ ಹಾಕಿದರು. ಬೆನ್ನಿನ ಮೇಲೆ ಯಾವುದೋ ಆಫೀಸಿನವರು ನಂಬರು ಬರೆದು ಅಂಟಿಸಿದ್ದ ಚೀಟಿ ಇತ್ತು. ಹೆಬ್ಬೆರಳ ಉಗುರಿನಿಂದ ಕೆರೆದರು. ಅದರ ಕೆಳಗೆ ಒಂದು ಪುಟ್ಟ ಸ್ವಿಚ್ಚು! ಎಡಕ್ಕಿದ್ದರೆ ಹಳೇ ಭಾಷೆ, ಬಲಕ್ಕಿದ್ದರೆ ಹೊಸದು. ಬಲಕ್ಕೆ ತಳ್ಳಿದರು. ಅಕ್ಷರಗಳು ಬಂದವು.

“ಮಂಗಳಾ, ಇನ್ ಮೇಲೆ ಕತ್ರಿ ನನ್ ಹತ್ರ ಇರ್ಲಿ” ಎಂದಷ್ಟೇ ಹೇಳಿದರು. ಸರ್ವಮಂಗಳ ಎಂಬ ನನ್ನ ಹೆಸರನ್ನು ಅವರು ಪೂರ್ತಿ ಕರೆದದ್ದು ಬೈಯುವಾಗ ಮಾತ್ರ. ಆ ದಿನ ಬೈಯಲಿಲ್ಲ.

ಆಮೇಲೆ ಯುಎಸ್‌ಬಿಯ ಚಪ್ಪಟೆ ತೂತಿನ ಕಾಲ ಬಂತು. ದುಂಡು ಪಿನ್ನನ್ನು ಚಪ್ಪಟೆ ತೂತಿಗೆ ಕೂರಿಸುವ ಪುಟ್ಟ ಅಡಾಪ್ಟರುಗಳು ಮಾರುಕಟ್ಟೆಗೆ ಬಂದವು. ನಾವು ಒಂದು ಡಬ್ಬಿ ತುಂಬ ತಂದಿಟ್ಟೆವು. ಕೆಲವು ಕೀಬೋರ್ಡುಗಳಿಗೆ ಹಾಕಿದರೆ ನಡೆಯಿತು, ಬಹಳಷ್ಟಕ್ಕೆ ನಡೆಯಲಿಲ್ಲ. ಯಾಕೆಂದರೆ ಆ ಅಡಾಪ್ಟರು ಬರೀ ಆಕಾರ ಬದಲಿಸುತ್ತದೆ. ಎರಡೂ ಭಾಷೆ ಬಲ್ಲ ಕೀಬೋರ್ಡಿಗೆ ಅಷ್ಟು ಸಾಕು. ಹಳೆಯದಕ್ಕೆ ನಡುವೆ ಕೂತು ಭಾಷಾಂತರ ಮಾಡುವ ಚಿಪ್ ಬೇಕು. ಅದೂ ಬಂತು. ಕೊನೆಗೆ ನಮ್ಮ ಇಷ್ಟದಂತೆ ಪ್ರೋಗ್ರಾಂ ಬರೆದು ತುಂಬಬಹುದಾದ, ಬಿಸ್ಕತ್ತಿನ ಅರ್ಧದಷ್ಟಿರುವ ಬೋರ್ಡುಗಳು ಬಂದವು. ಕೀ ಒತ್ತಿದಾಗ ಹಳೇ ಕೀಬೋರ್ಡ್ ಒಂದು ಸಂಖ್ಯೆ ಕಳಿಸುತ್ತದೆ, ಬಿಟ್ಟಾಗ ಇನ್ನೊಂದು ಸುಳಿವು. ಅದನ್ನು ಕೇಳಿಸಿಕೊಂಡು ಹೊಸ ಭಾಷೆಯಲ್ಲಿ ಕಂಪ್ಯೂಟರಿಗೆ ತಲುಪಿಸುವುದು ಈ ಬೋರ್ಡಿನ ಕೆಲಸ.

ಐವತ್ತು ಹತ್ತಿರವಾದ ಮೇಲೆ ನಾನು ಪ್ರೋಗ್ರಾಂ ಬರೆಯಲು ಕಲಿತೆ. ಮೊದಲನೆಯದನ್ನು ತುಂಬಿ ಯಜಮಾನರ ಹೆಸರನ್ನು ಟೈಪ್ ಮಾಡಿದೆ. ಪ್ರತಿ ಅಕ್ಷರವೂ ಒಂದು ಮನೆ ಆಚೆಗೆ ಜರುಗಿ ಓದಲಾಗದ ಹೆಸರೊಂದು ಬಂತು. ನಂಜುಂಡಯ್ಯನವರು ಬೋರ್ಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, “ಇದಕ್ಕೆ ಒಂದ್ ಸ್ಕ್ರೂನೂ ಇಲ್ವಲ್ಲೇ! ಕೆಟ್ರೆ ಯಾವುದನ್ನ ಬಿಗಿ ಮಾಡೋದು?” ಎಂದರು. ಆ ವರ್ಷವೇ ಅವರು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಮಾಗಡಿಯ ತೋಟಕ್ಕೆ ಹೋದರು. ಫೋನ್ ಮಾಡಿದರೆ ಈಗಲೂ ಮೊದಲು ತೆಂಗಿನ ಮರದ ಯೋಗಕ್ಷೇಮ ಹೇಳಿ ಆಮೇಲೆ ನನ್ನದನ್ನು ಕೇಳುತ್ತಾರೆ.

ಉಯ್ಯಂಬಳ್ಳಿ ಕಡೆಯ ಒಂದು ಶಾಲೆಗೆ ಯಾರೋ ದಾನಿಗಳು ಹೊಸ ಕಂಪ್ಯೂಟರುಗಳನ್ನು ಕೊಟ್ಟಿದ್ದರು, ಕೀಬೋರ್ಡ್ ಕೊಟ್ಟಿರಲಿಲ್ಲ. ಶಾಲೆಯ ಬೀರುವಿನಲ್ಲಿ ದುಂಡು ಪಿನ್ನಿನ ಹಳೇ ಕೀಬೋರ್ಡುಗಳಿದ್ದವು. ‘ತುಂಬಾ ಕೊಳೆಯಾಗಿವೆ’ ಎಂದು ಫೋನಿನಲ್ಲಿ ಹೇಳಿದರು. ‘ಕೀಗಳ ಮೇಲಿನ ಟೋಪಿಗಳನ್ನು ಕಿತ್ತು ಸೋಪಿನ ನೀರಿನಲ್ಲಿ ತೊಳೆದಿಡಿ, ನಾನು ಬಂದು ಜೋಡಿಸುತ್ತೇನೆ’ ಎಂದೆ. ನಾನು ಹೋದಾಗ ಶಾಲೆಯ ಸಹಾಯಕ ಬೋರೇಗೌಡ ಬಾಗಿಲಲ್ಲೇ ನಿಂತು ಬಹಳ ಹೆಮ್ಮೆಯಿಂದ ಹೇಳಿದ: “ಎಲ್ಲಾ ತೊಳ್ದು ನಾನೇ ಜೋಡ್ಸಿವ್ನಿ ಮೇಡಮ್ಮೋರೆ. ಮದ್ಲು ಯಾರೋ ಅಕ್ಷರಗೋಳ್ನೆಲ್ಲ ಕಲಸ್ಬುಟ್ಟಿದ್ರು. ಈಗ ಸರಿಯಾಗಿ ಇಕ್ಕಿವ್ನಿ.”

ಒಳಗೆ ಹೋಗಿ ನೋಡಿದೆ. ಎಲ್ಲ ಕೀಬೋರ್ಡುಗಳಲ್ಲೂ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ! ಸಾಲು ತಪ್ಪದೆ ಝಡ್‌ವರೆಗೆ! ನನಗೆ ನಗು ತಡೆಯಲಿಲ್ಲ. ಅವನ ಮುಖ ಬಾಡಿತು. ಅಕ್ಷರಗಳು ಯಾಕೆ ಹಾಗೆ ಕಲಸಿದಂತಿರುತ್ತವೆ ಎಂದು ಟೈಪ್‌ರೈಟರಿನ ಕಾಲದಿಂದ ಶುರುಮಾಡಿ ವಿವರಿಸಿದೆ. ಪೂರ್ತಿ ಕೇಳಿ ಅವನು, “ಆದ್ರೂ ನಂದೇ ಸುಲಭ ಅಲ್ವರಾ?” ಎಂದ. ಮಕ್ಕಳು ಅವನ ಪರವಾಗಿ ಕೈ ಎತ್ತಿದರು. ನಾವಿಬ್ಬರೂ ಕೂತು ಮಧ್ಯಾಹ್ನದವರೆಗೆ ಟೋಪಿಗಳನ್ನು ಕಿತ್ತು ಮತ್ತೆ ‘ಕಲಸಿದೆವು’. ಪಾಠದ ಪುಸ್ತಕದಲ್ಲಿ ‘ವಿಂಡೋಸ್ ಕೀ ಒತ್ತಿ’ ಎಂದಿತ್ತು. ಹಳೇ ಕೀಬೋರ್ಡುಗಳಲ್ಲಿ ಆ ಕೀ ಇರುವುದಿಲ್ಲ. ನಡುವೆ ಹಾಕಿದ್ದ ನನ್ನ ಬೋರ್ಡುಗಳ ಪ್ರೋಗ್ರಾಂ ತಿದ್ದಿ ಬಲಗಡೆಯ ಕಂಟ್ರೋಲ್ ಕೀಗೆ ಆ ಕೆಲಸ ವಹಿಸಿದೆ. ಬೋರೇಗೌಡ ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದು ಕಿಟಕಿಯ ಚಿತ್ರ ಬರೆದ.

ಈಗ ಮರಿಗೌಡರ ವಿಚಾರ. ಇಷ್ಟು ವರ್ಷಗಳಲ್ಲಿ ಇದೊಂದು ಕೇಸು ನನ್ನನ್ನು ಕಾಡಿದಷ್ಟು ಬೇರೆ ಯಾವುದೂ ಕಾಡಲಿಲ್ಲ.

ಮರಿಗೌಡರು ಕನಕಪುರದ ಪತ್ರ ಬರಹಗಾರರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಬರೆದುಕೊಡುವವರು. ಹದಿಹರೆಯದಲ್ಲಿ ಕಲ್ಲಿನ ಕ್ವಾರಿಯಲ್ಲಿ ಎಡಗೈ ಮಣಿಕಟ್ಟಿನಿಂದ ಹೋಗಿತ್ತು. ಆಮೇಲೆ ಬಲಗೈ ಒಂದರಲ್ಲೇ ಟೈಪಿಂಗ್ ಕಲಿತು, ಅದರಲ್ಲೇ ಸಂಸಾರ ಸಾಗಿಸಿದವರು. ಅವರ ಹತ್ತಿರ ಇದ್ದದ್ದು ಕಬ್ಬಿಣದ ತಳವಿರುವ, ಒಳಗೆ ಸ್ಪ್ರಿಂಗುಗಳಿರುವ, ಒತ್ತಿದರೆ ಟಕ್ ಎನ್ನುವ ಹಳೇ ಕೀಬೋರ್ಡು. ಎಡಗೈಯ ಮೊಂಡು ತುದಿಯನ್ನು ಷಿಫ್ಟ್ ಕೀ ಮೇಲೆ ಊರುತ್ತಿದ್ದರು, ಬಲಗೈ ಅಕ್ಷರಗಳ ಮೇಲೆ ಓಡುತ್ತಿತ್ತು.

ಅವರ ಕಂಪ್ಯೂಟರ್ ಕೆಟ್ಟು ಹೊಸದು ಬಂದಿತ್ತು. ಅದಕ್ಕೆ ಚಪ್ಪಟೆ ತೂತುಗಳು ಮಾತ್ರ. ಅದರ ಜೊತೆ ಬಂದ ಹಗುರ ಕೀಬೋರ್ಡಿನಲ್ಲಿ ಅವರಿಗೆ ಕೆಲಸ ಆಗಲಿಲ್ಲ. ಮೊಂಡು ಕೈ ತಾಗಿದರೆ ಸಾಕು, ಸುತ್ತಲಿನ ನಾಲ್ಕು ಕೀಗಳು ಒಟ್ಟಿಗೆ ಒತ್ತಿಹೋಗುತ್ತಿದ್ದವು. ಹಳೆಯದರ ಬಿಗಿ ಸ್ಪ್ರಿಂಗುಗಳು ಸುಮ್ಮನೆ ತಾಗಿದರೆ ಬಗ್ಗುವಂಥವಲ್ಲ. “ಈ ಹೊಸದ್ರ ಮ್ಯಾಕೆ ಉಸ್ರು ಬುಟ್ರೂ ಅಕ್ಷರ ಬೀಳ್ತದೆ ಕಣಮ್ಮ” ಎಂದರು.

ನಾನು ಬೋರ್ಡ್ ಜೋಡಿಸಿ ಪ್ರೋಗ್ರಾಂ ತುಂಬಿ ಹಳೆಯದನ್ನು ಹೊಸ ಕಂಪ್ಯೂಟರಿಗೆ ಹೊಂದಿಸಿದೆ. ಟಕಟಕ ಎಂದಿತು. ಮರಿಗೌಡರ ಮುಖ ಅರಳಿತು. ನಾನು ಬೀಗುತ್ತ ರಾಮನಗರಕ್ಕೆ ವಾಪಸಾದೆ.

ವಾರದೊಳಗೆ ಫೋನ್ ಬಂತು. ಧ್ವನಿಯಲ್ಲಿ ಉತ್ಸಾಹ ಇರಲಿಲ್ಲ. ಹೋಗಿ ಕೇಳಿದರೆ ಕಥೆ ಇದು: ಕೆಂಪಮ್ಮ ಎಂಬುವವರು ಒಂದು ಮನೆ ಕೊಳ್ಳುವವರಿದ್ದರು. ಪತ್ರ ತಯಾರಾಗಿ ಛಾಪಾ ಕಾಗದದ ಮೇಲೆ ಅಚ್ಚೂ ಆಗಿತ್ತು. ಆಕೆ ಅಕ್ಷರಕ್ಕೆ ಬೆರಳಿಟ್ಟು ಓದುವ ಹೆಂಗಸು. ಒಂದು ಕಡೆ ಬೆರಳು ನಿಲ್ಲಿಸಿ, “ಗೌಡ್ರೇ, ಇಲ್ಲಿ ಧನದ ಕೊಟ್ಟಿಗೆ ಅಂತ ಐತೆ. ಒಳಗೇನಾರ ನಿಧಿ ಐತಾ? ಇದ್ರೆ ಮಾರೋರು ಸುಮ್ಕೆ ಬುಟ್ಟಾರಾ?” ಎಂದರಂತೆ. ದನದ ಕೊಟ್ಟಿಗೆ ಧನದ ಕೊಟ್ಟಿಗೆಯಾಗಿತ್ತು. ಅಂಗಡಿಯಲ್ಲಿ ಕೂತವರೆಲ್ಲ ನಕ್ಕರಂತೆ. ಮರಿಗೌಡರು ನಗಲಿಲ್ಲ, ಯಾಕೆಂದರೆ ಕೆಳಗಿನ ಸಾಲಿನಲ್ಲಿ ಮಾರುವವರ ಹೆಸರು ತಿಮ್ಮಯ್ಯ ಹೋಗಿ ಥಿಮ್ಮಯ್ಯ ಆಗಿದ್ದು ಅವರ ಕಣ್ಣಿಗೆ ಬಿದ್ದಿತ್ತು. ಹಾಗೆಯೇ ನೋಂದಣಿಯಾಗಿದ್ದರೆ ಇಬ್ಬರಿಗೂ ಫಜೀತಿ.

ನಾನು ಬೋರ್ಡನ್ನು ಕಿತ್ತು ತಂದು ಪ್ರೋಗ್ರಾಮನ್ನು ಸಾಲುಸಾಲಾಗಿ ನೋಡಿದೆ. ತಿದ್ದಿದೆ. ವಾಪಸ್ ಹಾಕಿದೆ. ನಾನು ಟೈಪ್ ಮಾಡಿದರೆ ಒಂದಕ್ಷರ ತಪ್ಪಿಲ್ಲ. ಎರಡು ದಿನಕ್ಕೆ ಮತ್ತೆ ಫೋನ್. ಬೋರ್ಡನ್ನೇ ಬದಲಿಸಿದೆ. ಮತ್ತೆ ಅದೇ. ಮಹಾಪ್ರಾಣಕ್ಕೆ ಷಿಫ್ಟ್ ಒತ್ತಬೇಕು, ಅದನ್ನು ಒತ್ತದೆಯೂ ಆಗೊಮ್ಮೆ ಈಗೊಮ್ಮೆ ಒಂದೇ ಒಂದು ಅಕ್ಷರ ಮಹಾಪ್ರಾಣವಾಗುತ್ತಿತ್ತು. ಮೂರನೆಯ ಸಲ ಹೋದಾಗ ಮರಿಗೌಡರು ಕುರ್ಚಿಯಿಂದ ಏಳಲೇ ಇಲ್ಲ. ಬಂದ ಗಿರಾಕಿಯೊಬ್ಬರನ್ನು ಎದುರಿನ ಅಂಗಡಿಗೆ ಕಳಿಸಿ ನನ್ನ ಕಡೆ ತಿರುಗಿದರು.

“ಬುಡಿ ಮೇಡಮ್ಮೋರೆ. ನೀವೂ ಎಷ್ಟು ಸಲ ಅಂತ ಬತ್ತೀರಾ. ಜನ ಮನೆ ಮಠ ನಂಬ್ಕಂಡು ನನ್ತಾವ ಬರೋರು. ಒಂದಕ್ಷರ ತಪ್ಪುದ್ರೂ ಬರೀಬಾರ್ದು. ನಂದು ಇಷ್ಟೇ ಅನ್ಸುತ್ತೆ.”

ಅಂಗಡಿಯ ಹೊರಗೆ ಬಂದು ನಂಜುಂಡಯ್ಯನವರಿಗೆ ಫೋನ್ ಮಾಡಿದೆ. ಆ ದಿನ ತೆಂಗಿನ ಮರದ ಸುದ್ದಿ ಬರಲಿಲ್ಲ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ಮಿಷನ್ ನೋಡ್ದೆ ಅಂದೆ. ಆವಯ್ಯ ಕೆಲ್ಸ ಮಾಡೋವಾಗ ಆವಯ್ಯನ ಕೈ ನೋಡಿದ್ಯಾ?”

ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಸಂಕೋಚ. ಆ ಮೊಂಡು ಕೈಯನ್ನು ದಿಟ್ಟಿಸಿ ನೋಡಬಾರದೆಂದು ಪ್ರತಿ ಸಲವೂ ಪರದೆಯ ಕಡೆ ಕಣ್ಣಿಟ್ಟಿದ್ದೆ. ಒಳಗೆ ಹೋಗಿ, “ಗೌಡ್ರೇ, ಒಂದು ಹಳೇ ಪತ್ರ ಇಟ್ಕೊಂಡು ಟೈಪ್ ಮಾಡ್ತಾ ಹೋಗಿ. ನಾನು ಪಕ್ಕದಲ್ಲಿ ಕೂತು ನಿಮ್ ಕೈ ನೋಡ್ತೀನಿ. ಬೇಜಾರು ಮಾಡ್ಕೋಬೇಡಿ” ಎಂದೆ.

“ನೋಡಿ. ಅದೇನ್ ಮುಚ್ಚಿಡೋ ಕೈ ಅಲ್ಲ” ಎಂದರು.

ಅರ್ಧ ಗಂಟೆಯಲ್ಲಿ ಕಂಡಿತು. ಹೊಸ ಕಂಪ್ಯೂಟರಿನ ಮೇಜಿಗೆ ಸಾಗಿಸುವಾಗ ಷಿಫ್ಟ್ ಕೀಯ ಟೋಪಿ ಸೀಳಿತ್ತು. ಅವರು ಅದಕ್ಕೆ ಬಟ್ಟೆ ಸುತ್ತಿದ್ದರು. ಕೈಗೆ ಮೆತ್ತಗಿರಲೆಂದು ಸುತ್ತಿದ್ದಾರೆ ಎಂದುಕೊಂಡು ನಾನು ಬಿಚ್ಚಿ ನೋಡಿರಲಿಲ್ಲ. ಬಟ್ಟೆ ಸುತ್ತಿದರೂ ಟೋಪಿಯ ಚೂಪು ಅಂಚು ಮೊಂಡು ಕೈಗೆ ಚುಚ್ಚುತ್ತಿದ್ದುದರಿಂದ, ಮೊದಲಿನ ಹಾಗೆ ಊರಿ ಕೂರದೆ, ಆ ಕೈ ಕೀ ಮೇಲೆ ಕುಪ್ಪಳಿಸುತ್ತಿತ್ತು. ಷಿಫ್ಟ್ ಕೀಯನ್ನು ಬಿಡಿಬಿಡಿಯಾಗಿ ಐದು ಸಲ ಒತ್ತಿದರೆ ಹೊಸ ಕಂಪ್ಯೂಟರು ಒಂದು ಚೌಕ ತೋರಿಸಿ ಏನನ್ನೋ ಕೇಳುತ್ತದೆ. ಗೌಡರು ಕಾಗದದ ಮೇಲಿನ ಕಣ್ಣು ತೆಗೆಯದೆ ಎಂಟರ್ ಒತ್ತಿದರು. ಅದು ‘ಹೂಂ’ ಎಂದ ಹಾಗಾಯಿತು. ಅಲ್ಲಿಂದ ಷಿಫ್ಟನ್ನು ಒಮ್ಮೆ ಮುಟ್ಟಿ ಬಿಟ್ಟರೂ ಸಾಕು, ಮುಂದಿನ ಅಕ್ಷರಕ್ಕೆ ಅದು ಅಂಟಿಕೊಳ್ಳುತ್ತದೆ. ದ ಹೋಗಿ ಧ. ಎರಡು ಕೀಗಳನ್ನು ಒಟ್ಟಿಗೆ ಒತ್ತಿದ ಕ್ಷಣ ಆ ವ್ಯವಸ್ಥೆ ತಾನಾಗಿ ನಿಂತುಹೋಗುತ್ತದೆ. ಅದಕ್ಕೇ ತಪ್ಪು ಅಷ್ಟು ಅಪರೂಪಕ್ಕೆ ಬರುತ್ತಿದ್ದದ್ದು. ನನ್ನ ಬೋರ್ಡು, ಪ್ರೋಗ್ರಾಮು ಎರಡೂ ಮೊದಲ ದಿನದಿಂದಲೂ ಸರಿಯಾಗಿಯೇ ಇದ್ದವು.

“ಇದ್ಯಾಕ್ ಇಕ್ಕವ್ರೆ ಇಂಥಾದ್ದ?” ಎಂದರು ಗೌಡರು.

“ಎರಡು ಕೀ ಒಟ್ಟಿಗೆ ಒತ್ತೋಕೆ ಆಗದೋರಿಗೆ ಸಹಾಯ ಆಗ್ಲಿ ಅಂತ. ಒಂದೇ ಕೈ ಇರೋರಿಗೆ.”

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಲ್ಲಾ ಕಣಮ್ಮ, ನಂಗೆ ಸಾಯ ಮಾಡಕ್ ಬಂದು ನನ್ ಅನ್ನಕ್ಕೇ ಕಲ್ ಹಾಕ್ತಾ ಇತ್ತಲ್ಲ!” ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನು ಆ ವ್ಯವಸ್ಥೆಯನ್ನು ಆಫ್ ಮಾಡಿದೆ. ಹಳೇ ಕಂಪ್ಯೂಟರಿನಲ್ಲಿ ಯಾರೋ ಎಂದೋ ಅದನ್ನು ಆಫ್ ಮಾಡಿದ್ದಿರಬೇಕು.

ಸೀಳಿದ ಟೋಪಿ ಉಳಿಯಿತು. ಆ ಕೀಬೋರ್ಡಿನ ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಚನ್ನಪಟ್ಟಣದಲ್ಲಿ ಮರದ ಆಟಿಕೆ ಮಾಡುವ ಅನ್ವರ್ ಭಾಯಿಯ ಹತ್ತಿರ ಹೋದೆ. ಅವರು ಸೀಳಿದ ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ನಮ್ ಲೇತಲ್ಲಿ ದುಂಡಗಿರೋದು ಬರುತ್ತೆ ಮೇಡಂ. ಇದು ಉದ್ದುದ್ದ ಐತೆ. ಯಾರ್ ಒತ್ತೋದು ಇದನ್ನ?”

ಮರಿಗೌಡರ ಕೈಯ ಬಗ್ಗೆ ಹೇಳಿದೆ. ಅವರು ಲೇತು ನಿಲ್ಲಿಸಿದರು. “ಹಂಗಾದ್ರೆ ಚಪ್ಪಟೆ ಯಾಕೆ? ಕೈ ಎಂಗೈತೋ ಹಂಗೆ ಮಾಡೋಣ. ಅಳತೆ ತನ್ನಿ.”

ಮರುದಿನ ಕನಕಪುರಕ್ಕೆ ಹೋಗಿ ಗೋಧಿ ಹಿಟ್ಟಿನ ಕಣಕದಲ್ಲಿ ಮೊಂಡು ಕೈಯ ಅಚ್ಚು ತೆಗೆದುಕೊಂಡು ಬಂದೆ. ಅನ್ವರ್ ಭಾಯಿ ಹಾಲೆ ಮರದಲ್ಲಿ ಒಂದು ಪುಟ್ಟ ತಟ್ಟೆ ಕಡೆದು, ಅದನ್ನು ಉದ್ದಕ್ಕೆ ಕುಯ್ದು, ನಡುವೆ ತಗ್ಗು ಬರುವಂತೆ ಉಜ್ಜಿದರು. ಮೊದಲನೆಯದು ಪಕ್ಕದ ಕೀಗೆ ತಾಗಿತು. ಎರಡನೆಯದನ್ನು ತೆಳುವಾಗಿ ಮಾಡಿ, ಅರಗಿನ ಹಳದಿ ಬಣ್ಣ ಹಚ್ಚಿ ಹೊಳಪು ಕೊಟ್ಟರು. ಹಳೇ ಟೋಪಿಯ ಕಾಲನ್ನು ಕತ್ತರಿಸಿ ನಾನು ಕೆಳಗೆ ಅಂಟಿಸಿದೆ.

ಮರಿಗೌಡರು ಅದರೊಳಗೆ ಕೈ ಇಟ್ಟರು. ಎರಡು ಸಲ ಊರಿ ನೋಡಿದರು.

“ಒಸಿನೂ ನೋಯಾಕಿಲ್ಲ” ಎಂದರು ಆಮೇಲೆ. ಮೊದಲು ಟೈಪ್ ಮಾಡಿದ್ದು ‘ದನದ ಕೊಟ್ಟಿಗೆ’. ಹತ್ತು ಸಲ. ಹತ್ತರಲ್ಲೂ ದನವೇ ಬಂತು.

ಇದಾದ ಕೆಲವು ತಿಂಗಳಿಗೆ ನಾನು ಕೆಲಸ ಬಿಟ್ಟೆ. ಮನೆಯಲ್ಲಿ ಆರಾಮಾಗಿದ್ದಾಗ ಒಂದು ಬೆಳಿಗ್ಗೆ ಮರಿಗೌಡರ ಫೋನ್ ಬಂತು. “ಒಸಿ ಬಂದೋಗ್ಬೇಕಲ್ಲ ಮೇಡಮ್ಮೋರೆ.” ಮತ್ತೆ ಏನು ಕೆಟ್ಟಿತೋ ಎಂದು ಚೀಲ ಹುಡುಕಿ ಎತ್ತಿಕೊಂಡು ಹೋದೆ. ಕೀಬೋರ್ಡ್ ಏನೂ ಆಗಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಅವರ ಹೆಂಡತಿ ಗೌರಮ್ಮ ಹೊಸ ಸೀರೆ ಉಟ್ಟು, ಏನು ಮಾಡಬೇಕೆಂದು ತಿಳಿಯದವರಂತೆ ಕೂತಿದ್ದರು.

“ಊರೋರ ಮನೆಗೋಳೆಲ್ಲಾ ಬರ್ದಿವ್ನಿ. ನಮ್ಮನೇದು ಒಂದೂ ಬರ್ದಿಲ್ಲ” ಎಂದರು ಗೌಡರು. “ಮನೆ ಇವಳ ಹೆಸ್ರಿಗೆ ಮಾಡ್ತಾ ಇವ್ನಿ. ದಾನಪತ್ರ. ನೀವು ಒಬ್ರು ಸಾಕ್ಷಿ ಹಾಕ್ಬೇಕು.”

ನಾನು ಪತ್ರವನ್ನು ಕೆಂಪಮ್ಮನ ಹಾಗೆ ಅಕ್ಷರಕ್ಕೆ ಬೆರಳಿಟ್ಟು ಓದಿದೆ. ಒಂದು ತಪ್ಪೂ ಇರಲಿಲ್ಲ. ಸಾಕ್ಷಿಯ ವಿವರ ತುಂಬುವಾಗ ನನ್ನ ಹೆಸರು, ಊರು ಕೇಳಿ ಟೈಪ್ ಮಾಡಿದರು.

“ಉದ್ಯೋಗ?”

“ನಿವೃತ್ತಿ ಅಂತ ಹಾಕಿ ಗೌಡ್ರೇ.”

ಅವರು ನನ್ನ ಹೆಗಲ ಚೀಲದ ಕಡೆ ನೋಡಿದರು, ಪರದೆಯ ಕಡೆ ತಿರುಗಿದರು. ಎಡಗೈ ಹಳದಿ ತಗ್ಗಿನಲ್ಲಿ ಕೂತಿತು, ಬಲಗೈ ಓಡಿತು. ‘ಕೀಬೋರ್ಡ್ ರಿಪೇರಿ’ ಎಂದು ಬಂತು.

ಪತ್ರ ಅಚ್ಚಾಗಿ ಬಂದ ಮೇಲೆ ಗೌರಮ್ಮ ಪೆನ್ನು ಕೊಟ್ಟರು. ನಾನು ಸಹಿ ಹಾಕಿದೆ.